ಹೆದರಿ ಕೊಟ್ಟ ಹಲಸು

ಮುಟ್ಟಿದರೆ ಮುನಿ ಗಿಡದ ಪಾಠ ಮಾಡುವ ದಿನ ಕನಕಪುರದ ನಮ್ಮ ಹೈಸ್ಕೂಲಿನಲ್ಲಿ ಪ್ರತಿ ವರ್ಷವೂ ಒಂದೇ ಪ್ರಶ್ನೆ ಬರುತ್ತದೆ. "ಮಿಸ್, ಗಿಡಕ್ಕೆ ನೋವಾಗ್ತದಾ?" ಈಚೆಗೆ ಮಕ್ಕಳು ಫೋನಿನಲ್ಲಿ ನೋಡಿದ ಯಾವುದೋ ವಿಡಿಯೋದ ಮಾತನ್ನೂ ಅದಕ್ಕೆ ಸೇರಿಸುತ್ತಾರೆ. ಗಿಡ ಕತ್ತರಿಸಿದರೆ ಅದು ಕಿರುಚುತ್ತದಂತೆ, ನಮ್ಮ ಕಿವಿಗೆ ಕೇಳುವುದಿಲ್ಲವಂತೆ. ನನ್ನ ಉತ್ತರ ಬಾಯಿಪಾಠ. ನೋವಿಗೆ ನರ ಬೇಕು, ಮಿದುಳು ಬೇಕು, ಗಿಡಕ್ಕೆ ಎರಡೂ ಇಲ್ಲ. ಗಾಯವಾದರೆ ಗಿಡಕ್ಕೆ ತಿಳಿಯುತ್ತದೆ, ಆದರೆ ತಿಳಿಯುವುದು ಬೇರೆ, ನೋಯುವುದು ಬೇರೆ. ಅಷ್ಟಕ್ಕೂ ಒಪ್ಪದ ಮಕ್ಕಳಿಗೆ, "ಹಾಗಾದ್ರೆ ನಾಳೆಯಿಂದ ಮುದ್ದೆ ಬಿಟ್ಟು ಕಲ್ಲು ತಿನ್ನಿ, ನಮ್ಮ ತಾಲ್ಲೂಕಿನಲ್ಲಿ ಅದಕ್ಕೇನೂ ಬರ ಇಲ್ಲ" ಎನ್ನುತ್ತಿದ್ದೆ. ಕ್ಲಾಸು ನಗುತ್ತಿತ್ತು, ಅಷ್ಟರಲ್ಲಿ ಬೆಲ್ಲು ಹೊಡೆಯುತ್ತಿತ್ತು.

ಉತ್ತರವನ್ನು ನಾನು ಬದಲಾಯಿಸಿಲ್ಲ. ಕಲ್ಲಿನ ತಮಾಷೆ ಮಾತ್ರ ಈಗ ಬಾಯಿಗೆ ಬರುವುದಿಲ್ಲ. ಅದು ಯಾಕೆ ಬರುವುದಿಲ್ಲ ಎಂದು ಹೇಳಬೇಕಾದರೆ ನಮ್ಮ ಮನೆಯ ಹಿತ್ತಲಿನ ಹಲಸಿನ ಮರದ ವಿಷಯ ಹೇಳಬೇಕು, ನನ್ನ ಓರಗಿತ್ತಿಯ ವಿಷಯವನ್ನೂ ಹೇಳಬೇಕು.

ನಾನು ಚನ್ನಪಟ್ಟಣದ ಕಡೆಯಿಂದ ಕೋಡಿಹಳ್ಳಿ ಹತ್ತಿರದ ಈ ಮನೆಗೆ ಕಿರಿಯ ಸೊಸೆಯಾಗಿ ಬಂದವಳು. ಹಿರಿಯ ಸೊಸೆಯನ್ನು ನಾನು ಅಕ್ಕ ಎನ್ನುತ್ತೇನೆ. ಬರೀ ಬಾಯಿಮಾತಿಗಲ್ಲ. ನನ್ನ ಎರಡು ಹೆರಿಗೆಗೂ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವಳು ಅವಳು, ನಾನು ಬಸ್ ಹತ್ತಿ ಕೆಲಸಕ್ಕೆ ಹೋದಾಗ ನನ್ನ ಮಕ್ಕಳಿಗೆ ರಾಗಿ ಸರಿ ತಿನ್ನಿಸಿದವಳು ಅವಳು. ಡಿಗ್ರಿ ಓದಿದ್ದಾಳೆ. ಊರಿನ ಹಾಲಿನ ಡೈರಿಯನ್ನು ಬೆಳಿಗ್ಗೆ ಸಂಜೆ ಅವಳೇ ನಡೆಸುತ್ತಾಳೆ. ಹಾಲಿಗೆ ನೀರು ಬೆರೆಸಿ ತಂದವನು ಊರ ಯಜಮಾನನಾದರೂ ಅವನ ಮುಖಕ್ಕೇ ಹೇಳಿ ವಾಪಸು ಕಳಿಸುವವಳು. ಅಷ್ಟು ಗಟ್ಟಿಗಿತ್ತಿ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ದನಿ ತಗ್ಗಿಸುತ್ತಿದ್ದಳು. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಅವಳಿಗೆ ಮಕ್ಕಳಾಗಿರಲಿಲ್ಲ.

ಹಲಸಿನ ಮರವನ್ನು ನಮ್ಮ ಅತ್ತೆ ನೆಟ್ಟದ್ದು, ಅಕ್ಕ ಮದುವೆಯಾಗಿ ಬಂದ ವರ್ಷವೇ. ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು. ಮರ ಕೊಟ್ಟಿಗೆಯ ಹಿಂದೆ ಎತ್ತರಕ್ಕೆ ಬೆಳೆದು ನಿಂತಿತು, ನೆರಳು ಕೊಟ್ಟಿತು, ಎಲೆ ಉದುರಿಸಿ ಅಕ್ಕನಿಗೆ ಗುಡಿಸುವ ಕೆಲಸ ಕೊಟ್ಟಿತು. ಕಾಯಿ ಮಾತ್ರ ಬಿಡಲಿಲ್ಲ. ಯಾರೋ ನೆಂಟರ ಮಾತು ಕೇಳಿ ನಮ್ಮ ಮಾವ ಅದರ ಕೊಂಬೆಗೆ ಒಂದು ಜೊತೆ ಹಳೇ ಎಕ್ಕಡ ಕಟ್ಟಿಸಿದರು. ಎಕ್ಕಡ ಕಟ್ಟಿದರೆ ಮರಕ್ಕೆ ನಾಚಿಕೆಯಾಗಿ ಕಾಯಿ ಬಿಡುತ್ತದೆಯಂತೆ. ಮಳೆಗೆ ನೆಂದು ಬಿಸಿಲಿಗೆ ಸೆಟೆದುಕೊಂಡ ಆ ಎಕ್ಕಡದ ಕೆಳಗೇ ಅಕ್ಕ ದಿನಾ ಹಸುಗಳಿಗೆ ಮೇವು ಹಾಕಬೇಕಿತ್ತು. ಅದನ್ನು ಬಿಚ್ಚಿ ಎಸೆಯಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿತ್ತು. "ಇರ್ಲಿ ಬುಡು, ನಿಂಗ್ಯಾಕೆ, ಮಾವ ಬೇಜಾರ್ ಮಾಡ್ಕೊತಾರೆ" ಎಂದು ಅವಳೇ ತಡೆಯುತ್ತಿದ್ದಳು.

ಎಕ್ಕಡದ ನಾಚಿಕೆ ಕೆಲಸ ಮಾಡದೆ ಹೋದ ಮೇಲೆ ಉಳಿದದ್ದು ಹೆದರಿಸುವುದು. ನಮ್ಮ ಕಡೆ ಇದು ಹಳೇ ರೂಢಿ. ಅಮಾವಾಸ್ಯೆಯ ಬೆಳಿಗ್ಗೆ ಮನೆಯ ಯಜಮಾನ ಮಚ್ಚು ಹಿಡಿದು ಮರದ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈಯುತ್ತಾನೆ, ಬುಡಕ್ಕೆ ಒಂದೆರಡು ಏಟು ಹಾಕುತ್ತಾನೆ. ಇನ್ನೊಂದು ಏಟು ಬೀಳುವಷ್ಟರಲ್ಲಿ ಮನೆಯ ಹೆಂಗಸು ಅಡ್ಡ ಬಂದು ಕೈ ಹಿಡಿಯಬೇಕು. ಬೇಡ ಬಿಡಿ, ಬರೋ ವರ್ಷ ಖಂಡಿತ ಕಾಯಿ ಬಿಡುತ್ತದೆ, ಅದರ ಪರವಾಗಿ ನಾನು ಮಾತು ಕೊಡುತ್ತೇನೆ ಎನ್ನಬೇಕು. ಆಗ ಅವನು ಮಚ್ಚು ಇಳಿಸುತ್ತಾನೆ. ನಾಟಕವೇ, ಆದರೆ ಆಡುವವರು ನಗುವ ಹಾಗಿಲ್ಲ. ಹಿಂದೊಮ್ಮೆ ನಮ್ಮ ಹುಣಸೆ ಮರಕ್ಕೆ ಹೀಗೆ ಮಾಡಿದಾಗ ಅತ್ತೆ ಮಾತು ಕೊಟ್ಟಿದ್ದರಂತೆ. ಈಗ ಅತ್ತೆ ಇಲ್ಲ, ಆದ್ದರಿಂದ ಹಿರಿಯ ಸೊಸೆಯನ್ನು ಕರೆದರು.

ಮಾವ ಕೆಟ್ಟವರಲ್ಲ ಎಂದು ಇಲ್ಲೇ ಹೇಳಿಬಿಡಬೇಕು. ಸಂಜೆ ಹೂವಿನವಳು ಬಂದರೆ ಇಬ್ಬರು ಸೊಸೆಯರಿಗೂ ಅಳೆದು ಒಂದೇ ಸಮ ಮೊಳ ಕೊಡಿಸುವ ಮನುಷ್ಯ. ಆ ಬೆಳಿಗ್ಗೆ ತಾವು ಯಾರನ್ನು ಎಲ್ಲಿ ನಿಲ್ಲಿಸುತ್ತಿದ್ದೇವೆ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಬೇಕೆಂದೇ ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮಾವ ಪಂಚೆ ಎತ್ತಿ ಕಟ್ಟಿ ಶುರು ಮಾಡಿದರು.

"ಎಷ್ಟ್ ವರ್ಸ ಅಂತ ನಿನ್ನ ಸಾಕೋದು? ನೀರ್ ಕುಡ್ದೆ, ಗೊಬ್ರ ತಿಂದೆ, ಇಷ್ಟಗಲ ಜಾಗ ತಿಂದ್ಕೊಂಡು ನಿಂತ್ಕೊಂಡೆ. ಬಂದೋರೆಲ್ಲ ಕೇಳ್ತಾವ್ರೆ, ಏನ್ ಕೊಡ್ತು ನಿಮ್ ಮರ ಅಂತ. ಏನಂತ ಹೇಳ್ಲಿ ಅವ್ರಿಗೆ?"

ಮಚ್ಚು ಬುಡಕ್ಕೆ ಬಿತ್ತು. ತೊಗಟೆ ಸೀಳಿ ಬಿಳೀ ಹಾಲು ಒಸರಿತು. ಇನ್ನೊಂದು ಏಟು ಬಿತ್ತು. ನಾನು ಹಿತ್ತಲ ಬಾಗಿಲಲ್ಲಿ ಮಗಳ ಜಡೆ ಹೆಣೆಯುತ್ತಾ ನಿಂತಿದ್ದೆ. ಭಾವ, ಅಂದರೆ ಅಕ್ಕನ ಗಂಡ, ಕೊಟ್ಟಿಗೆಯ ಕಂಬಕ್ಕೆ ಒರಗಿದ್ದರು. ಮಾವ ಮೂರನೇ ಸಲ ಮಚ್ಚು ಎತ್ತಿ ಅಕ್ಕನ ಕಡೆ ನೋಡಿದರು. ಅಕ್ಕ ಮರವನ್ನೇ ನೋಡುತ್ತಿದ್ದಳು.

"ಹೇಳವ್ವ" ಎಂದು ಮಾವ ಮೆಲ್ಲಗೆ ಅಂದರು, ಮಾತು ಮರೆತವರಿಗೆ ಹೇಳಿಕೊಡುವ ಹಾಗೆ.

"ಬುಡಿ ಮಾವ" ಎಂದಳು ಅಕ್ಕ.

"ಬರೋ ವರ್ಸ ಬುಡ್ತದೆ ಅನ್ನವ್ವ."

"ಬುಡದಿದ್ರೂ ಇರ್ಲಿ ಬುಡಿ ಮಾವ."

ಮಾವನ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಅವರಿಗೆ ಆಗ ಅರ್ಥವಾಯಿತು ಎಂದು ಅವರ ಮುಖ ನೋಡಿ ನನಗೆ ಗೊತ್ತಾಯಿತು, ಆದರೆ ಎತ್ತಿದ ಮಚ್ಚನ್ನು ಇಳಿಸಲು ಅವರಿಗೆ ದಾರಿ ಗೊತ್ತಿರಲಿಲ್ಲ. ಯಾರೂ ಮಾತು ಕೊಡದೆ ಮಚ್ಚು ಇಳಿಸಿದರೆ ಮರ ಮನೆಯವರನ್ನು ಹಗುರವಾಗಿ ತಿಳಿದುಕೊಳ್ಳುತ್ತದೆ ಎಂದು ನಂಬಿಕೆ. ಕೊನೆಗೆ ಭಾವ ಕಂಬ ಬಿಟ್ಟು ಬಂದರು. "ಇರ್ಲಿ ಬುಡಪ್ಪ, ಇನ್ನೊಂದ್ ವರ್ಸ ನೋಡಾನ, ನಾನ್ ಹೊಣೆ" ಎಂದು ಅಪ್ಪನ ಕೈಯಿಂದ ಮಚ್ಚು ಇಸಿದುಕೊಂಡರು.

ಅಕ್ಕ ತಿರುಗಿ ಗಂಡನ ಮುಖ ನೋಡಿದಳು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಆ ಮಾತನ್ನು ನಾವೆಲ್ಲ ಮೊದಲೇ ಕೇಳಿದ್ದೆವು. ಜಗಲಿಯಲ್ಲಿ ನೆಂಟರು ಕೂತು ಭಾವನಿಗೆ ಇನ್ನೊಂದು ಮದುವೆಯ ಮಾತೆತ್ತಿದಾಗಲೆಲ್ಲ ಭಾವ ಹೇಳುತ್ತಿದ್ದದ್ದು ಅದನ್ನೇ. ಇನ್ನೊಂದ್ ವರ್ಸ ನೋಡಾನ. ಹೆಂಡತಿಯನ್ನು ಕಾಪಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ. ಒಳಗೆ ಕಾಫಿ ಸೋಸುತ್ತಾ ನಿಂತವಳಿಗೆ ಅದು ಹೇಗೆ ಕೇಳಿಸುತ್ತಿತ್ತು ಎಂದು ಆವತ್ತು ಹಿತ್ತಲಲ್ಲಿ ಗೊತ್ತಾಯಿತು. ಕೈಯಲ್ಲಿದ್ದ ಜಡೆ ಸಡಿಲವಾಗಿ ಮಗಳು "ಅಮ್ಮ, ಸರಿಯಾಗಿ ಹಾಕು" ಎಂದಳು.

ಆ ಭಾನುವಾರ ಮನೆಯಲ್ಲಿ ಕೋಳಿ ಕುಯ್ದಿದ್ದರು. ಅಕ್ಕ ಅರಿಸಿನ ಹಾಕಿ ಮಾಂಸ ತೊಳೆಯುತ್ತಿದ್ದಳು, ನಾನು ಈರುಳ್ಳಿ ಹೆಚ್ಚುತ್ತಿದ್ದೆ.

"ನಿಮ್ ಸೈನ್ಸ್ ಏನ್ ಹೇಳ್ತದೆ? ಆವತ್ತು ಮರಕ್ಕೆ ನೋವಾಯ್ತಾ?" ಎಂದು ಕೇಳಿದಳು.

"ಇಲ್ಲಕ್ಕ. ಅದಕ್ಕೆ ನರ ಇಲ್ಲ, ಮಿದುಳಿಲ್ಲ."

"ಹಾಲು ಸುರೀತಲ್ಲ?"

"ಅದು ಗಾಯ ಮುಚ್ಚೋಕೆ. ಅಳೋದಲ್ಲ."

"ಸರಿ, ನೋವಿಲ್ಲ ಅಂತ್ಲೇ ಇಟ್ಕೊ. ಹೆದ್ರಿಕೆ?"

"ಹೆದ್ರೋಕೂ ಮಿದುಳು ಬೇಕು. ಮಾವ ಅಂದಿದ್ದು ಒಂದೂ ಅದಕ್ಕೆ ಕೇಳ್ಸಿಲ್ಲ" ಎಂದೆ. ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಅಕ್ಕ ನೀರು ಬಗ್ಗಿಸಿ, ಇನ್ನೊಂದು ನೀರು ಹಾಕಿ, ಆಮೇಲೆ ಕೇಳಿದಳು. "ಅದಕ್ಕೆ ಕೇಳ್ಸಲ್ಲ ಅಂದ್ರೆ, ಅಷ್ಟೊಂದ್ ಮಾತು ಯಾರ್ಗೆ ಹೇಳಿದ್ದು?"

ಈರುಳ್ಳಿ ಇದ್ದದ್ದು ಒಳ್ಳೆಯದಾಯಿತು, ಕಣ್ಣು ಒರೆಸಿಕೊಳ್ಳಲು ನೆಪ ಹುಡುಕಬೇಕಾಗಲಿಲ್ಲ.

"ಈ ಕೋಳೀನೇ ನೋಡು" ಎಂದಳು ಅಕ್ಕ. "ಸಾಕ್ತೀವಿ, ಕುಯ್ತೀವಿ, ತಿಂತೀವಿ. ಪಾಪ ಬಂದ್ರೆ ಬರ್ಲಿ, ನಾನ್ ಒಪ್ಕೊತೀನಿ. ಆದ್ರೆ ದಿನಾ ಬೆಳಗೆದ್ದು ಮಚ್ಚು ತೋರ್ಸಿ, ಮೊಟ್ಟೆ ಇಕ್ತೀಯೋ ಇಲ್ವೋ ಅಂತ ಯಾರೂ ಅದನ್ನ ಕೇಳಲ್ಲ. ಅದು ಬದುಕಿರೋಗಂಟ ನೆಮ್ಮದಿಯಾಗಿ ಕೆದಕ್ಕೊಂಡಿರ್ತದೆ."

ಮಾರನೇ ದಿನದಿಂದ ನನಗೆ ಅಡುಗೆಮನೆಯಲ್ಲಿ ಒಂದು ಕಾಟ ಶುರುವಾಯಿತು. ಹುರುಳಿಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ಗಂಟು ಬಿಚ್ಚಿದರೆ ಒಂದೊಂದು ಕಾಳೂ ಮೂಗು ಚಾಚಿತ್ತು. ಮುಟ್ಟಿದರೆ ಕೈಗೆ ಬೆಚ್ಚಗಿತ್ತು. ಮೊಳಕೆ ಉಸಿರಾಡುತ್ತದೆ, ಅದಕ್ಕೇ ಗಂಟು ಬೆಚ್ಚಗಿರುತ್ತದೆ ಎಂದು ಕ್ಲಾಸಿನಲ್ಲಿ ಎಷ್ಟು ಸಲ ತೋರಿಸಿದ್ದೇನೋ. ಆವತ್ತು ಅದನ್ನು ಕುದಿಯುವ ನೀರಿಗೆ ಸುರಿಯಲು ಕೈ ಹಿಂದೆಗೆಯಿತು. ಸುರಿದೆ, ಇಲ್ಲ ಎನ್ನುವುದಿಲ್ಲ. ಉಪ್ಸಾರು ಚೆನ್ನಾಗಿಯೇ ಆಗಿತ್ತು, ತಟ್ಟೆಗೆ ಹಾಕಿಕೊಂಡು ಮುದ್ದೆ ಮುರಿದೆ. ಆದರೆ ನಾನು ತಿನ್ನುತ್ತಿರುವುದು ಈಗಷ್ಟೇ ಹುಟ್ಟಿದ್ದನ್ನು ಎಂಬ ಯೋಚನೆ ಒಮ್ಮೆ ತಲೆಗೆ ಹೊಕ್ಕ ಮೇಲೆ ಹೋಗಲೊಲ್ಲದು. ರೇಷ್ಮೆಗೆ ಸೊಪ್ಪು ಕುಯ್ದು ಮೋಟಾದ ಹಿಪ್ಪುನೇರಳೆ ಗಿಡಗಳ ಸಾಲನ್ನು ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದವಳು, ಈಗ ಆ ಹೊಲ ಬಂದಾಗ ಫೋನು ನೋಡತೊಡಗಿದೆ.

ಸ್ಟಾಫ್ ರೂಮಿನಲ್ಲಿ ಒಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಮಾಂಸ ಮುಟ್ಟದವರು. "ಅದಕ್ಕೇ ಮೇಡಂ, ನಾವು ಒಂದು ಜೀವಾನೂ ಕೊಲ್ಲಲ್ಲ" ಎಂದು ಟಿಫನ್ ಡಬ್ಬಿ ತೆಗೆದರು. ಒಳಗೆ ಮೊಳಕೆ ಹೆಸರುಕಾಳಿನ ಕೋಸಂಬರಿ ಇತ್ತು. ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು. ಹೇಳಿಬಿಡೋಣ ಎನ್ನಿಸಿತು. ಅವರ ಊಟ ಯಾಕೆ ಕೆಡಿಸಬೇಕು ಎಂದು ಸುಮ್ಮನಾದೆ. ಯಾವುದನ್ನೂ ಕೊಲ್ಲದೆ ಬದುಕುವ ಹಾಗಿಲ್ಲ, ಅಷ್ಟು ನನಗೂ ಗೊತ್ತು. ಅಕ್ಕ ಕೇಳಿದ್ದು ಕೊಲ್ಲುವ ವಿಷಯವೇ ಅಲ್ಲ. ತಿನ್ನುವುದಾದರೆ ತಿನ್ನಿ, ಹೆದರಿಸಿ ಯಾಕೆ ಬದುಕಿಸಿಡುತ್ತೀರಿ ಎಂದು. ಆ ಲೆಕ್ಕದಲ್ಲಿ ಸೊಪ್ಪು ತಿನ್ನುವವರಿಗೂ ಬಾಡು ತಿನ್ನುವವರಿಗೂ ವ್ಯತ್ಯಾಸವೇನೂ ಉಳಿಯುವುದಿಲ್ಲ.

ಚಳಿ ಕಳೆಯುವ ಹೊತ್ತಿಗೆ ಮರ ಕಾಯಿ ಬಿಟ್ಟಿತು.

ಬುಡದ ಹತ್ತಿರವೇ, ಮಚ್ಚಿನ ಗಾಯಕ್ಕಿಂತ ಸ್ವಲ್ಪ ಮೇಲೆ, ಮುಳ್ಳು ಮುಳ್ಳಾದ ಎಳೆಗಾಯಿಗಳು ಜೋತುಬಿದ್ದವು. ನನಗೆ ಆಶ್ಚರ್ಯವಾಗಲಿಲ್ಲ. ಮರಕ್ಕೆ ಕಾಯಿ ಬಿಡುವ ವಯಸ್ಸೇ ಬಂದಿದ್ದಿರಬಹುದು. ಇಲ್ಲವೇ ಗಾಯವೂ ಇರಬಹುದು. ರಾಮನಗರದ ಕಡೆ ಮಾವಿನ ತೋಟದವರು ಹೂ ಬಿಡದ ಕೊಂಬೆಯ ತೊಗಟೆಯನ್ನು ಸುತ್ತಲೂ ಕೆತ್ತುವುದುಂಟು. ಪೆಟ್ಟು ಬಿದ್ದ ಮರ ತನ್ನ ಬೆಳವಣಿಗೆ ನಿಲ್ಲಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಹೂವಿಗೆ ಹಾಕುತ್ತದೆ. ತಾನು ಹೋದರೂ ಬೀಜ ಉಳಿಯಲಿ ಎಂದು. ಇದನ್ನು ನಾನು ಮಕ್ಕಳಿಗೆ ಹೇಳುವಾಗ ಹೆದರಿಕೆ ಎಂಬ ಪದ ಬಳಸುವುದಿಲ್ಲ. ಬೇರೆ ಯಾವ ಪದ ಬಳಸಬೇಕೋ ಅದೂ ಈಗ ಖಾತ್ರಿಯಿಲ್ಲ.

ಮಾವನ ಸಂಭ್ರಮ ಹೇಳತೀರದು. ಹೋಗಿ ಬರುವವರನ್ನೆಲ್ಲ ಹಿತ್ತಲಿಗೆ ಕರೆದು ತೋರಿಸಿದರು. ಎಕ್ಕಡ ಬಿಚ್ಚಿಸಿ, ಬುಡಕ್ಕೆ ಅರಿಸಿನ ಕುಂಕುಮ ಇಟ್ಟರು. ಮೊದಲ ಎಳೆಗಾಯಿಯನ್ನು ತಾವೇ ಕುಯ್ದು, ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿಕೊಟ್ಟರು. ನಾನು ಅದಕ್ಕೆ ಬಾಡಿನ ಮಸಾಲೆ ಅರೆದು ಸಾರು ಮಾಡಿದೆ. ಎಳೇ ಹಲಸಿಗೆ ಆ ಮಸಾಲೆ ಬಿದ್ದರೆ ಎಂಥವರೂ ಇನ್ನೊಂದು ಮುದ್ದೆ ಕೇಳುತ್ತಾರೆ.

ಎಲ್ಲರೂ ಕೂತ ಮೇಲೆ ಮಾವ ತಮ್ಮ ತಟ್ಟೆಗೆ ಹಾಕಬೇಡ ಎಂದು ನನ್ನನ್ನು ತಡೆದರು. "ಮೊದ್ಲು ದೊಡ್ಡವಳಿಗೆ ಇಕ್ಕು." ಅಕ್ಕನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು. "ತಿನ್ನವ್ವ. ಮರ ಕಣ್ ಬುಡ್ತು. ಮೊದ್ಲನೇ ಕಾಯಿ ನೀನೇ ತಿನ್ಬೇಕು. ನಿಂಗೂ ಒಳ್ಳೇದಾಯ್ತದೆ."

ಪ್ರೀತಿಯಿಂದಲೇ ಹೇಳಿದರು. ಅದೇ ತೊಂದರೆ.

"ಬ್ಯಾಡ ಮಾವ" ಎಂದಳು ಅಕ್ಕ.

"ಒಸಿ ತಿನ್ನವ್ವ. ಒಂದ್ ಚೂರು."

"ಹೆದ್ರಿ ಕೊಟ್ಟಿದ್ದು ನಂಗ್ ಬ್ಯಾಡ ಮಾವ. ನೀವ್ ಉಣ್ಣಿ."

ಹಿರಿಯರು ಇಕ್ಕಿಸಿದ್ದನ್ನು ಬೇಡ ಎನ್ನುವುದು ನಮ್ಮ ಮನೆಯಲ್ಲಿ ಇಲ್ಲದ ಮಾತು. ಭಾವ ತಲೆ ಎತ್ತಲಿಲ್ಲ. ನಮ್ಮನೆಯವರು ಏನೋ ಹೇಳಲು ಬಾಯಿ ತೆರೆದರು, ನಾನು ಕಣ್ಣು ಬಿಟ್ಟ ಮೇಲೆ ಮುಚ್ಚಿಕೊಂಡರು. ಅಕ್ಕ ಬರೀ ಅನ್ನಕ್ಕೆ ಮೊಸರು ಕಲಸಿಕೊಂಡು ಉಂಡು, ಡೈರಿಗೆ ಹೊತ್ತಾಯಿತು ಎಂದು ಎದ್ದು ಹೋದಳು. ಮಾವ ಒಂದು ಹೋಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದು ಕೊನೆಗೆ ತಟ್ಟೆಯ ಅಂಚಿಗೆ ಇಟ್ಟರು. ನಾನು ತಿಂದೆ. ಮಾಡಿದವಳೇ ತಿನ್ನದಿದ್ದರೆ ಆ ಸಾರಿಗೆ ಇನ್ನೂ ಏನೇನೋ ಅರ್ಥ ಹುಟ್ಟುತ್ತಿತ್ತು. ರುಚಿ ಚೆನ್ನಾಗಿತ್ತು, ಮತ್ತು ಅದು ಚೆನ್ನಾಗಿತ್ತು ಎಂಬುದೇ ನನ್ನನ್ನು ಅಂದು ಇಡೀ ದಿನ ಹಿಂಸೆಪಡಿಸಿತು.

ಮಿಕ್ಕ ಕಾಯಿ ಹಣ್ಣಾಗಿ ಊರವರ ಪಾಲಾದವು. ಅಕ್ಕ ಒಂದು ತೊಳೆಯನ್ನೂ ಮುಟ್ಟಲಿಲ್ಲ, ಬೇರೆಯವರು ತಿಂದದ್ದಕ್ಕೆ ಒಂದು ಮಾತೂ ಆಡಲಿಲ್ಲ. ನನ್ನ ಮಕ್ಕಳಿಗೆ ಬೀಜ ಸುಟ್ಟು ಕೊಟ್ಟವಳು ಅವಳೇ. ಜಗಲಿಯಲ್ಲಿ ನೆಂಟರ ಮಾತು ಹೊಸ ದಾರಿ ಹಿಡಿದಿತ್ತು. ಮರವೇ ಮಾತು ಕೇಳಿತು ನೋಡಿ, ಎಂದು ಶುರು ಮಾಡಿ ಪೂರ್ತಿ ಹೇಳದೆ ನಿಲ್ಲಿಸುತ್ತಿದ್ದರು. ಒಳಗಿದ್ದವರಿಗೆ ಪೂರ್ತಿ ಕೇಳಿಸುತ್ತಿತ್ತು.

ಮುಂದಿನ ವರ್ಷ ಮರ ಮತ್ತೆ ಸುಮ್ಮನಾಯಿತು. ಚಳಿ ಮುಗಿಯಿತು, ಬೇಸಿಗೆ ಮುಗಿಯಿತು, ಒಂದೇ ಒಂದು ಕಾಯಿ ಇಲ್ಲ. ದೀಪಾವಳಿ ಕಳೆದು ಮತ್ತೊಂದು ಅಮಾವಾಸ್ಯೆ ಬಂತು. ನನಗೆ ಅಂದು ಸ್ಕೂಲಿಗೆ ರಜೆ. ಬೆಳಿಗ್ಗೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದರೆ ಮಾವ ಮಚ್ಚು ಹಿಡಿದು ಮರದ ಮುಂದೆ ಒಬ್ಬರೇ ನಿಂತಿದ್ದರು. ಭಾವ ಹೊಲಕ್ಕೆ ಹೋಗಿದ್ದರು, ಅಕ್ಕ ಡೈರಿಗೆ. ಅವರು ಯಾರನ್ನೂ ಕರೆದಿರಲಿಲ್ಲ. ನನ್ನನ್ನು ಕರೆದುಬಿಡುತ್ತಾರೇನೋ ಎಂದು ನಾನು ಹಗ್ಗದ ಮೇಲಿನ ಸೀರೆಯ ಮರೆಗೆ ಸರಿದೆ. ಕರೆದರೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಹೇಳಲು ಧೈರ್ಯ ಬರುತ್ತಿತ್ತೋ ಇಲ್ಲವೋ, ಅದು ಗೊತ್ತಿರಲಿಲ್ಲ.

ಮಾವ ಮಚ್ಚು ಎತ್ತಲಿಲ್ಲ. ಹಳೇ ಗಾಯದ ಮೇಲೆ ಕೈಯಾಡಿಸಿದರು. ಗಾಯದ ಅಂಚು ದಪ್ಪವಾಗಿ ಬೆಳೆದು ಮುಚ್ಚಿಕೊಳ್ಳುತ್ತಾ ಬಂದಿತ್ತು.

"ಇರ್ಲಿ ಬುಡವ್ವ" ಎಂದರು. ಮತ್ತೆ, "ನಾನ್ ಅಂದಿದ್ ತಪ್ಪಾಯ್ತು. ನೀನು ಕೊಟ್ರೂ ಸರಿ, ಕೊಡದಿದ್ರೂ ಸರಿ. ಇದು ನಿನ್ ಮನೆ" ಎಂದರು.

ಮರಕ್ಕೆ ಯಾರೂ ಅವ್ವ ಎನ್ನುವುದಿಲ್ಲ. ನಾನು ಸೀರೆಯ ಹಿಂದೆಯೇ ನಿಂತಿದ್ದೆ. ಅವರು ಮಚ್ಚನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ, ಕೆಮ್ಮಿ, ಒಳಗೆ ಹೋದರು.

ಅಕ್ಕ ಬಂದ ಕೂಡಲೇ ಎಳೆದುಕೊಂಡು ಹೋಗಿ ಎಲ್ಲ ಹೇಳಿದೆ, ಒಂದು ಪದವನ್ನೂ ಬಿಡದೆ. ಅವಳು ಕ್ಯಾನು ಕೆಳಗಿಟ್ಟು ನಿಂತು ಕೇಳಿದಳು. ಅವಳ ಕಣ್ಣು ತುಂಬಿಕೊಂಡಿತು. ಈಗ ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವಳು ಕೇಳಿದಳು.

"ಮರಕ್ಕೆ ಹೇಳಿದ್ರಾ?"

"ಹೂಂ ಅಕ್ಕ."

"ಅದಕ್ಕೆ ಕೇಳ್ಸಲ್ಲ ಅಂತ ನೀನೇ ಅಂದ್ಯಲ್ಲ" ಎಂದಳು.

ಸಂಜೆ ಮಾವ ಜಗಲಿಯಲ್ಲಿ ಕೂತಿದ್ದರು. ಅಕ್ಕ ಕಾಫಿ ತಂದು ಅವರ ಪಕ್ಕದಲ್ಲಿ ಇಟ್ಟು, ಎಂದಿನಂತೆ ಒಳಗೆ ಹೋಗದೆ, ಕಂಬದ ಹತ್ತಿರ ನಿಂತಳು. ಕಾಯುತ್ತಿದ್ದಳು. ಮಾವ ಲೋಟ ಕೈಗೆತ್ತಿಕೊಂಡರು, ಅವಳ ಕಡೆ ನೋಡಿದರು, ತುಟಿ ಅಲುಗಿತು. ಆಮೇಲೆ, ಇವತ್ತು ಹಾಲು ಎಷ್ಟು ಬಂತವ್ವ ಎಂದು ಕೇಳಿದರು.